ದೇರಳಕಟ್ಟೆ ಆಸ್ಪತ್ರೆಯ ಹೆಸರಿನಲ್ಲಿರುವ ಜಡ್ಜ್ ಕೆ.ಎಸ್. ಹೆಗ್ಡೆ: ಇದು ಅವರದ್ದೇ ಅನ್ನಬಹುದಾದ ತೀರ್ಪು ಯಾವುದು?

ಕೇಳಿದವರು: ಎರಡನೇ ಬೆಂಚು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಲ್ಲಿ ಎಲ್‌ಎಲ್‌ಬಿ ಎರಡನೇ ವರ್ಷ ಓದುತ್ತಿದ್ದೇನೆ. ಹೋದ ವಾರ ಅಜ್ಜಿಯ ಕಣ್ಣಿನ ಪೊರೆ ಆಪರೇಷನ್‌ಗೆ ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಆಸ್ಪತ್ರೆಗೆ ಹೋಗಿದ್ದೆವು. ಸರದಿ ಬರುವ ತನಕ ಹೊರಗೆ ಬೆಂಚಿನಲ್ಲಿ ಕೂತಿದ್ದೆವು. ಎದುರಿಗೇ ಹೆಸರಿನ ಬೋರ್ಡ್ ಇತ್ತು.

"ಈ ಹೆಗ್ಡೆ ಅಂದರೆ ದೊಡ್ಡ ಡಾಕ್ಟರಾ?" ಅಂತ ಅಜ್ಜಿ ಕೇಳಿದರು.

"ಅಲ್ಲ ಅಜ್ಜಿ, ಸುಪ್ರೀಂ ಕೋರ್ಟ್ ಜಡ್ಜ್" ಅಂದೆ, ಸ್ವಲ್ಪ ಗತ್ತಿನಲ್ಲಿ.

"ಹೌದಾ? ಎಂಥ ತೀರ್ಪು ಕೊಟ್ಟಿದ್ದಾರೆ?"

ಅಲ್ಲಿ ಸಿಕ್ಕಿಬಿದ್ದೆ. ನಮ್ಮ ನೋಟ್ಸಿನಲ್ಲಿ ಅವರ ಹೆಸರು ಎರಡೇ ಕಡೆ ಬರುತ್ತದೆ. ಒಂದು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವ ಹಾಗಿಲ್ಲ ಅಂದ ಕೇಶವಾನಂದ ಭಾರತಿ ಕೇಸಿನ 13 ಜಡ್ಜ್‌ಗಳ ಪಟ್ಟಿಯಲ್ಲಿ. ಇನ್ನೊಂದು, 1973ರಲ್ಲಿ ಸೇವಾ ಹಿರಿತನ ಇದ್ದರೂ ಮುಖ್ಯ ನ್ಯಾಯಮೂರ್ತಿ ಹುದ್ದೆ ಕೈತಪ್ಪಿದ ಮೂವರಲ್ಲಿ. ಮೊದಲನೆಯದರಲ್ಲಿ 13 ಜನರಲ್ಲಿ ಒಬ್ಬರು. ಎರಡನೆಯದು ಅವರು ಮಾಡಿದ್ದಲ್ಲ, ಅವರಿಗೆ ಆದದ್ದು. ಹಾಗಾದರೆ ಅಜ್ಜಿಗೆ ಏನು ಹೇಳಲಿ? ಪರೀಕ್ಷೆಗಾಗಿ ಕೇಳುತ್ತಿಲ್ಲ. ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಬಹುದಾದ ಒಂದು ತೀರ್ಪು ಇದ್ದರೆ ತಿಳಿಸಿ.

*

ಉತ್ತರ: ಕಾರ್ಕಳದ ಕರಿಕಲ್ಲು

ನಮ್ಮ ತಾಲೂಕಿನವರು ಮಾರಾಯ್ರೇ, ಹಾಗಾಗಿ ಊರಿನ ಲೆಕ್ಕದಲ್ಲಿ ಮೊದಲು ನಾನೇ ಬರೆಯುತ್ತೇನೆ. ಕಾನೂನಿನ ವಿಷಯ ಗೊತ್ತಿದ್ದವರು ಆಮೇಲೆ ಹೇಳಲಿ.

ಪೂರ್ತಿ ಹೆಸರು ಕೌಡೂರು ಸದಾನಂದ ಹೆಗ್ಡೆ. ಹುಟ್ಟಿದ್ದು 1909ರ ಜೂನ್‌ನಲ್ಲಿ, ಕಾರ್ಕಳ ತಾಲೂಕಿನ ಕೌಡೂರಿನಲ್ಲಿ. ಆಗ ನಾವೆಲ್ಲ ಮದ್ರಾಸ್ ಕಡೆಗೆ ಸೇರಿದ್ದೆವು. ಹಾಗಾಗಿ ಕಾನೂನು ಓದಿದ್ದು ಮದ್ರಾಸಿನಲ್ಲಿ. ವಾಪಸ್ ಬಂದು ಜಿಲ್ಲೆಯಲ್ಲೇ ವಕೀಲಿ ಮಾಡಿದರು, ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿದ್ದರು. 1952ರಲ್ಲಿ ಕಾಂಗ್ರೆಸ್‌ನಿಂದ ರಾಜ್ಯಸಭೆಗೆ ಹೋದರು. 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿನ ಜಡ್ಜ್ ಆದರು. 1966ರ ಅಕ್ಟೋಬರ್ 31ಕ್ಕೆ ದೆಹಲಿ ಹೈಕೋರ್ಟ್ ಶುರುವಾದಾಗ ಅದರ ಮೊತ್ತಮೊದಲ ಮುಖ್ಯ ನ್ಯಾಯಮೂರ್ತಿ ಇವರೇ. ಮರುವರ್ಷ ಸುಪ್ರೀಂ ಕೋರ್ಟ್. 1973ರಲ್ಲಿ ರಾಜೀನಾಮೆ. 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದರು. 1979ರಲ್ಲಿ ನಿಟ್ಟೆ ವಿದ್ಯಾಸಂಸ್ಥೆಯ ಟ್ರಸ್ಟ್ ಕಟ್ಟಿದರು. ಆಸ್ಪತ್ರೆಗೆ ಅವರ ಹೆಸರು ಬಂದದ್ದು ಆ ದಾರಿಯಲ್ಲಿ, ಅಜ್ಜಿಗೆ ಹೇಳಿ. ತೀರಿಕೊಂಡದ್ದು 1990ರ ಮೇ ತಿಂಗಳಲ್ಲಿ.

ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಇವರ ಮಗ. ಬಳ್ಳಾರಿ ಗಣಿ ವರದಿ ಕೊಟ್ಟವರು ಅಂದರೆ ಅಜ್ಜಿಗೂ ನೆನಪಿರಬಹುದು.

*

ಉತ್ತರ: ಹಳೇ ಗೌನು

ನೋಡಮ್ಮ, ನಿನ್ನ ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ನಿಮ್ಮ ನೋಟ್ಸ್ ಬರೆದವರಿಗೆ ಅದು ಹೊಳೆದಿಲ್ಲ ಅಷ್ಟೇ.

ನಾನು ಬೆಂಗಳೂರಿನಲ್ಲಿ 38 ವರ್ಷ ಸರ್ವಿಸ್ ಕೇಸು ನಡೆಸಿದವನು. ನೇಮಕಾತಿ, ಬಡ್ತಿ, ಸಸ್ಪೆನ್ಷನ್, ಪಿಂಚಣಿ, ಇಷ್ಟೇ ನನ್ನ ಪ್ರಪಂಚ. ಕೇಶವಾನಂದ ಭಾರತಿ ತೀರ್ಪನ್ನು ಕೋರ್ಟಿನಲ್ಲಿ ಎತ್ತಿ ಹಿಡಿಯುವ ಭಾಗ್ಯ ನನಗೆ ಒಂದು ಸಲವೂ ಬರಲಿಲ್ಲ. ಆದರೆ ಹೆಗ್ಡೆಯವರ ಇನ್ನೊಂದು ತೀರ್ಪು ಇದೆ. ತೀರ್ಪುಗಳನ್ನು ಅಚ್ಚು ಹಾಕುವ ಎ.ಐ.ಆರ್. ಅಂತ ಇದೆ; ನಮ್ಮ ಚೇಂಬರಿನಲ್ಲಿದ್ದ ಅದರ 1970ರ ಸುಪ್ರೀಂ ಕೋರ್ಟ್ ಸಂಪುಟವನ್ನು ಮೇಜಿನ ಮೇಲಿಟ್ಟು ಕೈ ಬಿಟ್ಟರೆ ಸಾಕು, ತಾನಾಗಿಯೇ 150ನೇ ಪುಟಕ್ಕೆ ತೆರೆದುಕೊಳ್ಳುತ್ತಿತ್ತು. ಅಲ್ಲಿ ಬೈಂಡಿಂಗ್ ಅಷ್ಟು ಸಡಿಲವಾಗಿತ್ತು. ಎ.ಕೆ. ಕ್ರೈಪಾಕ್ ಕೇಸು. ತೀರ್ಪು ಬಂದದ್ದು 1969ರ ಏಪ್ರಿಲ್ 29ಕ್ಕೆ.

ಅಜ್ಜಿಗೆ ಹೇಳುವ ಹಾಗೆಯೇ ಹೇಳುತ್ತೇನೆ.

1966ರಲ್ಲಿ ಐ.ಎ.ಎಸ್., ಐ.ಪಿ.ಎಸ್. ಥರ ಇಂಡಿಯನ್ ಫಾರೆಸ್ಟ್ ಸರ್ವಿಸ್ ಅಂತ ಹೊಸದಾಗಿ ಶುರು ಮಾಡಿದರು. ಮೊದಲ ಸಲ ಹುದ್ದೆ ತುಂಬುವಾಗ ಆಯಾ ರಾಜ್ಯದ ಅರಣ್ಯ ಇಲಾಖೆಯಲ್ಲಿ ಆಗಲೇ ಇದ್ದ ಅಧಿಕಾರಿಗಳಿಂದಲೇ ಆರಿಸುವುದು ಅಂತಾಯಿತು. ಅದಕ್ಕೆ ಒಂದು ಆಯ್ಕೆ ಮಂಡಳಿ. ಜಮ್ಮು ಕಾಶ್ಮೀರದ ಮಂಡಳಿಯಲ್ಲಿ ದೆಹಲಿಯ ದೊಡ್ಡವರ ಜೊತೆ ಆ ರಾಜ್ಯದ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ನಕ್ಷಬಂದ್ ಅನ್ನುವವರೂ ಕೂತರು. ನಿಯಮದ ಪ್ರಕಾರ ಕೂರಲೇಬೇಕಿತ್ತು. ತೊಂದರೆ ಏನಪ್ಪಾ ಅಂದರೆ, ಆ ಹೊಸ ಸರ್ವಿಸ್‌ಗೆ ಅವರೂ ಒಬ್ಬ ಅಭ್ಯರ್ಥಿ!

ಅವರೇನು ತೀರಾ ನಾಚಿಕೆಗೆಟ್ಟವರ ಹಾಗೆ ನಡೆದುಕೊಳ್ಳಲಿಲ್ಲ. ತಮ್ಮ ಹೆಸರು ಚರ್ಚೆಗೆ ಬಂದಾಗ ಕೂರಲಿಲ್ಲ. ಉಳಿದವರ ಹೆಸರು ಬಂದಾಗ ಕೂತರು. ಆ ಉಳಿದವರಲ್ಲಿ ಅವರ ನೇರ ಪೈಪೋಟಿಯವರೂ ಇದ್ದರು. ಬಸು ಅನ್ನುವ ಒಬ್ಬ ಅಧಿಕಾರಿ, ತನ್ನನ್ನು ಹಿಂದೆ ಹಾಕಿ ಈತನಿಗೆ ಮುಖ್ಯ ಹುದ್ದೆ ಕೊಟ್ಟಿದ್ದಾರೆ ಅಂತ ಸರ್ಕಾರಕ್ಕೆ ಮೇಲ್ಮನವಿ ಹಾಕಿಕೊಂಡಿದ್ದರು. ಅದಿನ್ನೂ ಇತ್ಯರ್ಥ ಆಗಿರಲಿಲ್ಲ. ಪಟ್ಟಿ ಹೊರಬಿದ್ದಾಗ ನೋಡಿದರೆ ನಕ್ಷಬಂದ್ ಹೆಸರು ಎಲ್ಲಕ್ಕಿಂತ ಮೇಲೆ. ಬಸು ಹೆಸರೇ ಇಲ್ಲ. ಕ್ರೈಪಾಕ್ ಮತ್ತಿತರ ಅರಣ್ಯ ಅಧಿಕಾರಿಗಳು ಕೋರ್ಟಿಗೆ ಹೋದರು.

ಸರ್ಕಾರದ ವಾದ ಕೇಳು. ಇದು ಆಡಳಿತದ ಕೆಲಸ, ಕೋರ್ಟಿನ ಥರ ನ್ಯಾಯ ತೀರ್ಮಾನ ಮಾಡುವ ಕೆಲಸ ಅಲ್ಲ, ಸಹಜ ನ್ಯಾಯದ ನಿಯಮ (ತನ್ನದೇ ವಿಷಯದಲ್ಲಿ ತಾನೇ ತೀರ್ಮಾನ ಮಾಡಬಾರದು ಅನ್ನುವಂಥದ್ದು) ಇಲ್ಲಿಗೆ ಬರುವುದಿಲ್ಲ. ಇದು ಮೊದಲನೆಯದು. ಆತ ತನ್ನ ಸರದಿಯಲ್ಲಿ ಕೂರಲಿಲ್ಲವಲ್ಲ, ಇನ್ನೇನು ಬೇಕು? ಎರಡನೆಯದು. ಆತ ನಮ್ಮ ಮೇಲೆ ಯಾವ ಪ್ರಭಾವವನ್ನೂ ಬೀರಲಿಲ್ಲ ಅಂತ ಮಂಡಳಿಯ ಉಳಿದವರೇ ಹೇಳುತ್ತಿದ್ದಾರೆ. ಮೂರನೆಯದು. ಕೊನೆಯ ಮಾತು ಲೋಕಸೇವಾ ಆಯೋಗದ್ದು, ಈ ಮಂಡಳಿಯದ್ದಲ್ಲ ಅನ್ನುವುದು ನಾಲ್ಕನೆಯದು.

ಐದು ಜಡ್ಜ್‌ಗಳ ಪೀಠ. ಎಲ್ಲರ ಪರವಾಗಿ ಬರೆದವರು ಹೆಗ್ಡೆ. ಆಡಳಿತದ ಕೆಲಸಕ್ಕೂ ನ್ಯಾಯ ತೀರ್ಮಾನದ ಥರದ ಕೆಲಸಕ್ಕೂ ನಡುವೆ ಇರುವ ಗೆರೆ ತೀರಾ ತೆಳು, ಅದು ಅಳಿಸಿ ಹೋಗುತ್ತಾ ಬಂದಿದೆ ಅಂದರು. ಎರಡೂ ಕಡೆ ಬೇಕಾದದ್ದು ನ್ಯಾಯವಾದ ತೀರ್ಮಾನ ತಾನೇ? ಆಡಳಿತದಲ್ಲಿ ಆಗುವ ಅನ್ಯಾಯ ಕೋರ್ಟಿನಲ್ಲಿ ಆಗುವುದಕ್ಕಿಂತ ದೊಡ್ಡ ಪೆಟ್ಟು ಕೊಡಬಹುದು. ಇದು ಅವರ ವಾದದ ತಿರುಳು. ಇದನ್ನು ಅವರೊಬ್ಬರೇ ಕಂಡುಹಿಡಿದರು ಅನ್ನಬೇಡ. 1967ರ ಬೀನಾಪಾಣಿ ದೇಯಿ ಕೇಸಿನಲ್ಲೇ ಬಾಗಿಲು ಅರ್ಧ ತೆರೆದಿತ್ತು. ಹೆಗ್ಡೆ ಪೂರ್ತಿ ತೆಗೆದರು.

ನನಗೆ ಜಾಸ್ತಿ ಇಷ್ಟವಾದದ್ದು ಎರಡನೇ ಭಾಗ. ಆ ಅಧಿಕಾರಿಯ ಮನಸ್ಸಿನಲ್ಲಿ ನಿಜವಾಗಿ ಪಕ್ಷಪಾತ ಇತ್ತೋ ಇಲ್ಲವೋ ಅಂತ ಅಗೆಯಲು ಹೆಗ್ಡೆ ಹೋಗಲೇ ಇಲ್ಲ. ಒಬ್ಬರ ಮನಸ್ಸಿನೊಳಗಿನದ್ದನ್ನು ಸಾಬೀತು ಮಾಡುವುದು ಕಷ್ಟ. ಬರೀ ಅನುಮಾನವೂ ಸಾಲದು. ಮನುಷ್ಯರು ಸಾಮಾನ್ಯವಾಗಿ ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡಿ. ಆ ಜಾಗದಲ್ಲಿ ಕೂತವನಿಗೆ ಪಕ್ಷಪಾತದ ಸೆಳೆತ ಇರುವ ಸಂಭವ ಇತ್ತೇ? ಅಷ್ಟು ಸಾಕು. ಇನ್ನು, ಹತ್ತು ಜನ ಕೂತು ಮಾತಾಡುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ಗೊತ್ತಿಲ್ಲದ ಹಾಗೆಯೇ ತಗಲುತ್ತದೆ. ನಮಗೆ ತಗಲಿಲ್ಲ ಅಂತ ಆಮೇಲೆ ಅಫಿಡವಿಟ್ ಹಾಕಿದರೆ ಏನು ಬಂತು? ಇಡೀ ಪಟ್ಟಿ ರದ್ದಾಯಿತು.

ಈಗ ನನ್ನ ಕಥೆ.

ತೊಂಬತ್ತರ ದಶಕ. ಒಂದು ಸರ್ಕಾರಿ ನಿಗಮ, ಯಾವುದು ಅಂತ ಬೇಡ. ಸಹಾಯಕರ ಹುದ್ದೆಗೆ ಸಂದರ್ಶನ. ಐದು ಜನರ ಕಮಿಟಿಯಲ್ಲಿ ಒಬ್ಬ ಅಧಿಕಾರಿಯ ಭಾವಮೈದ ಅಭ್ಯರ್ಥಿ. ಅವನ ಸರದಿ ಬಂದಾಗ ಈ ಅಧಿಕಾರಿ ಎದ್ದು ಹೊರಗೆ ಹೋಗಿ ಟೀ ಕುಡಿದರು. ವಾಪಸ್ ಬಂದು ಉಳಿದ ಅಷ್ಟೂ ಜನಕ್ಕೆ ಅಂಕ ಹಾಕಿದರು. ಇದೆಲ್ಲ ನಮಗೆ ಹೇಗೆ ಗೊತ್ತಾಯಿತು ಅಂತೀಯಾ? ಅವರೇ ನಡಾವಳಿಯಲ್ಲಿ ಬರೆಸಿಕೊಂಡಿದ್ದರು! "ಸದರಿ ಸಮಯದಲ್ಲಿ ಸದರಿ ಸದಸ್ಯರು ಹೊರಗಿದ್ದರು" ಅಂತ. ಪ್ರಾಮಾಣಿಕತೆಗೆ ಸಾಕ್ಷಿ ಅಂದುಕೊಂಡು ಬರೆಸಿದ ಸಾಲು ನನ್ನ ಕೈಗೆ ಬೆಲ್ಲದ ಅಚ್ಚಿನ ಹಾಗೆ ಬಂತು.

ನನ್ನ ಕಕ್ಷಿಗಾರ ತುಮಕೂರು ಕಡೆಯ ಹುಡುಗ. ಬರುವಾಗ ಪ್ರತಿಸಲ ಒಂದೇ ಅಂಗಿ, ಇಸ್ತ್ರಿ ಮಾಡಿದ್ದು. ಫೀಸಿನ ವಿಷಯ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ರಿಟ್ ಹಾಕಿದೆವು. ಎದುರು ಕಡೆಯ ವಕೀಲರು ಎದ್ದು "ಅವರು ಹೊರಗಿದ್ದರು ಸ್ವಾಮಿ" ಅಂತ ಶುರು ಮಾಡಿದರು. ನಾನು ಎದ್ದು ಬೇರೇನೂ ಹೇಳಲಿಲ್ಲ. 150ನೇ ಪುಟದ ಜೆರಾಕ್ಸ್ ಮೇಲೆ ಕಳಿಸಿದೆ. ಹತ್ತು ನಿಮಿಷವೂ ಆಗಲಿಲ್ಲ. ಆಯ್ಕೆ ರದ್ದು, ಹೊಸ ಕಮಿಟಿ ಮಾಡಿ ಮತ್ತೆ ಸಂದರ್ಶನ ನಡೆಸಿ ಅಂತ ಆದೇಶವಾಯಿತು.

ಎರಡನೇ ಸಂದರ್ಶನದಲ್ಲೂ ಹುಡುಗನಿಗೆ ಕೆಲಸ ಸಿಗಲಿಲ್ಲ. ಸಿನಿಮಾ ಆಗಿದ್ದರೆ ಸಿಗುತ್ತಿತ್ತು. ಒಂದು ಗೊನೆ ಬಾಳೆಹಣ್ಣು ತಂದು ಮೇಜಿನ ಮೇಲಿಟ್ಟು, "ಈ ಸಲ ನನಗಿಂತ ಚೆನ್ನಾಗಿ ಮಾಡಿದವರಿಗೇ ಹೋಗಿದೆ ಸಾರ್, ಬೇಜಾರಿಲ್ಲ" ಅಂದ. ಬೇಜಾರು ಇತ್ತು, ಮುಖದಲ್ಲೇ ಕಾಣುತ್ತಿತ್ತು. ಆದರೆ ಮೊದಲ ಸಲ ಬಂದಿದ್ದಾಗ ಇದ್ದ ಮುಖ ಅದಲ್ಲ.

ಇಂಥ ಹುಡುಗರು ಈ ದೇಶದಲ್ಲಿ ಎಷ್ಟು ಜನ ಇದ್ದಾರೋ. ಅವರು ಯಾರಿಗೂ ಹೆಗ್ಡೆ ಹೆಸರು ಗೊತ್ತಿರುವುದಿಲ್ಲ. ವಕೀಲರಿಗೂ "ಕ್ರೈಪಾಕ್" ಅಂತ ಗೊತ್ತು, ಬರೆದವರು ಯಾರು ಅಂತ ಗೊತ್ತಿರುವವರು ಕಮ್ಮಿ. ವಿಚಾರಣೆ ಇಲ್ಲದೆ ಪಾಸ್‌ಪೋರ್ಟ್ ಕಿತ್ತುಕೊಂಡದ್ದರ ಬಗ್ಗೆ ಬಂದ 1978ರ ಮೇನಕಾ ಗಾಂಧಿ ತೀರ್ಪಿಗೂ ಇದೇ ಮೆಟ್ಟಿಲು.

ಇನ್ನೊಂದು ಇದೆ, ಅದನ್ನು ನಿಮ್ಮ ಮೇಷ್ಟ್ರಿಗೂ ಹೇಳು. ಕ್ರೈಪಾಕ್ ಪೀಠದಲ್ಲಿ ಇದ್ದವರು ಯಾರು? ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ, ಶೆಲತ್, ಭಾರ್ಗವ, ಹೆಗ್ಡೆ, ಗ್ರೋವರ್. ಈಗ ನಿನ್ನ ನೋಟ್ಸ್ ತೆಗೆದು 1973ರ ಮೂವರ ಹೆಸರು ಓದು. ಶೆಲತ್, ಹೆಗ್ಡೆ, ಗ್ರೋವರ್. ತನ್ನನ್ನು ಹಿಂದೆ ಹಾಕಿದರು ಅಂತ ದೂರು ಕೊಟ್ಟ ಒಬ್ಬ ಫಾರೆಸ್ಟ್ ಅಧಿಕಾರಿಯ ಕಥೆ ಕೇಳಿಸಿಕೊಂಡು ಕೂತಿದ್ದ ಐವರಲ್ಲಿ ಮೂವರಿಗೆ ಅದೇ ಗತಿ ಆಯಿತು. ಕೇಶವಾನಂದ ತೀರ್ಪು ಏಪ್ರಿಲ್ 24ಕ್ಕೆ. ಮರುದಿನ 25ಕ್ಕೆ, ಇವರು ಮೂವರನ್ನೂ ದಾಟಿ ಎ.ಎನ್. ರೇ ಮುಖ್ಯ ನ್ಯಾಯಮೂರ್ತಿ ಅಂತ ಪ್ರಕಟಣೆ. ಕ್ರೈಪಾಕ್ ತೀರ್ಪಿಗೆ ನಾಲ್ಕು ವರ್ಷ ತುಂಬಲು ನಾಲ್ಕು ದಿನ ಬಾಕಿ ಇತ್ತು.

*

ಉತ್ತರ: ಮಾರ್ಚ್ ಮೂವತ್ತೊಂದು

ನಾನು ಸಿ.ಎ. ಹಳೇ ಗೌನು ಅವರಿಗೆ ಕ್ರೈಪಾಕ್ ಇದ್ದ ಹಾಗೆ ನಮಗೆ 'ವೆಜಿಟೇಬಲ್ ಪ್ರಾಡಕ್ಟ್ಸ್'. 1973ರ ಜನವರಿ, ಬರೆದವರು ಇದೇ ಹೆಗ್ಡೆ. ರಿಟರ್ನ್ ತಡವಾಗಿ ಕೊಟ್ಟದ್ದಕ್ಕೆ ದಂಡ. ಆ ದಂಡವನ್ನು ಒಟ್ಟು ತೆರಿಗೆಯ ಮೇಲೆ ಲೆಕ್ಕ ಹಾಕಬೇಕೋ, ಆಗಲೇ ಕಟ್ಟಿದ್ದನ್ನು ಕಳೆದು ಉಳಿದದ್ದರ ಮೇಲೋ ಅನ್ನುವ ಸಣ್ಣ ಜಗಳ. ಕಾನೂನಿನ ಪದಕ್ಕೆ ಎರಡು ಅರ್ಥ ಬರುತ್ತದೆ, ಎರಡೂ ಒಪ್ಪುವಂತಿದೆ ಅಂದರೆ ತೆರಿಗೆ ಕಟ್ಟುವವನಿಗೆ ಅನುಕೂಲವಾದದ್ದನ್ನೇ ಹಿಡಿಯಬೇಕು ಅಂತ ಹೇಳಿದ್ದು ಅಲ್ಲಿ. ಇಲಾಖೆಗೆ ಉತ್ತರ ಬರೆಯುವಾಗ ನಮಗೆ ಬೇರೇನೂ ಸಿಗದಿದ್ದರೆ ಇದನ್ನು ಹಾಕುತ್ತೇವೆ. ಬೇರೆ ಸಿಕ್ಕರೂ ಹಾಕುತ್ತೇವೆ, ಅದು ಬೇರೆ ಮಾತು. ನಾನು ಎಷ್ಟೋ ವರ್ಷ ಇದು ಅಡುಗೆ ಎಣ್ಣೆ ಕಂಪನಿಯ ಕೇಸು ಅಂತ ಮಾತ್ರ ತಿಳಿದಿದ್ದೆ. ನಮ್ಮ ಕರಾವಳಿಯವರು ಬರೆದದ್ದು ಅಂತ ಇವತ್ತು ಹೋಗಿ ನೋಡಿದಾಗಲೇ ಗೊತ್ತಾದದ್ದು.

*

ಉತ್ತರ: ಇದ್ದದ್ದು ಇದ್ದಂಗೆ

ಹೊಗಳಿಕೆ ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತಿಲ್ವಾ? ಎರಡು ವಿಷಯ.

ಒಂದು. ಕಾಂಗ್ರೆಸ್ ಸಂಸದರಾಗಿದ್ದವರು ಅಲ್ಲಿಂದ ನೆಟ್ಟಗೆ ಹೈಕೋರ್ಟ್ ಜಡ್ಜ್. ಜಡ್ಜ್ ಹುದ್ದೆ ಬಿಟ್ಟವರು ನಾಲ್ಕು ವರ್ಷಕ್ಕೆ ಜನತಾ ಸಂಸದ. ಇವತ್ತು ಯಾರಾದರೂ ಹೀಗೆ ಮಾಡಿದರೆ ಇದೇ ನೀವು ಸುಮ್ನೆ ಇರುತ್ತೀರಾ?

ಎರಡು. ಬ್ಯಾಂಕ್ ರಾಷ್ಟ್ರೀಕರಣ ಕೇಸು, ರಾಜಧನ (ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ಹಣ) ಕೇಸು, ಎರಡರಲ್ಲೂ ಹೆಗ್ಡೆ ಸರ್ಕಾರದ ವಿರುದ್ಧ ಇದ್ದರು. ಬ್ಯಾಂಕ್ ಮಾಲೀಕರ ಪರ, ಮಾಜಿ ರಾಜರ ಪರ. ಕೇಶವಾನಂದ ಕೇಸೂ ಭೂಸುಧಾರಣೆ ಕಾಯ್ದೆಯ ವಿರುದ್ಧ ಶುರುವಾದದ್ದೇ. ಉಳುವವನಿಗೆ ಭೂಮಿ ಸಿಕ್ಕ ಮನೆಯವನು ನಾನು. ಈ ಸಂವಿಧಾನದ ಮೂಲ ರಚನೆ ಅನ್ನುವುದು ನಮ್ಮ ಅಪ್ಪನಿಗೆ ಹೇಗೆ ಕಾಣುತ್ತಿತ್ತು ಅಂತಲೂ ಯಾರಾದರೂ ಯೋಚಿಸಬೇಕು.

*

ಉತ್ತರ: ಹಳೇ ಗೌನು

ನಿಮ್ಮ ಎರಡನೇ ಮಾತಿಗೆ ಮೊದಲು ಬರುತ್ತೇನೆ, ಯಾಕೆಂದರೆ ಅದು ಗಟ್ಟಿ ಮಾತು. 1973ರಲ್ಲಿ ಸಚಿವ ಮೋಹನ್ ಕುಮಾರಮಂಗಲಂ ಸಂಸತ್ತಿನಲ್ಲಿ ನಿಂತು ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಮುಖ್ಯ ನ್ಯಾಯಮೂರ್ತಿಯನ್ನು ಆರಿಸುವಾಗ ಬರೀ ಸೇವಾ ಹಿರಿತನ ನೋಡಿದರೆ ಸಾಲದು, ಅವರು ಸಮಾಜವನ್ನು ಹೇಗೆ ನೋಡುತ್ತಾರೆ ಅನ್ನುವುದನ್ನೂ ಸರ್ಕಾರ ನೋಡಬೇಕು ಅಂತ ಅವರ ವಾದ.

ಆದರೆ ಹೆಗ್ಡೆ ಕೇಶವಾನಂದದಲ್ಲಿ ಏನು ಬರೆದರು ಅಂತ ತೆಗೆದು ನೋಡಿ. ಅವರು ಮತ್ತು ಇನ್ನೊಬ್ಬ ಜಡ್ಜ್ ಮುಖರ್ಜಿಯಾ ಸೇರಿ ಒಂದೇ ಅಭಿಪ್ರಾಯ ಬರೆದಿದ್ದಾರೆ. ಸಂಸತ್ತು ಮುಟ್ಟಬಾರದ ಮೂಲ ಅಂಶಗಳು ಅಂತ ಅವರು ಹೇಳಿದ್ದರಲ್ಲಿ ದೇಶದ ಸಾರ್ವಭೌಮತ್ವ, ಪ್ರಜಾಪ್ರಭುತ್ವ, ಏಕತೆ, ಪ್ರಜೆಯ ಸ್ವಾತಂತ್ರ್ಯದ ಮುಖ್ಯ ಭಾಗಗಳು ಇವೆ. ಜೊತೆಗೆ ಇನ್ನೊಂದು ಇದೆ: ಕಲ್ಯಾಣ ರಾಜ್ಯ ಕಟ್ಟಬೇಕು, ಸಮಾನತೆಯ ಸಮಾಜ ಕಟ್ಟಬೇಕು ಅನ್ನುವ ಆದೇಶ. ಅದನ್ನೂ ತೆಗೆದುಹಾಕುವ ಹಾಗಿಲ್ಲ ಅಂದರು. ಜಮೀನ್ದಾರರ ವಕೀಲ ಬರೆಯುವ ಸಾಲು ಅದಲ್ಲ. ಆ ಕೇಸಿನಿಂದ, ಅದನ್ನು ಹಾಕಿದ ಎಡನೀರು ಮಠದ ಕೇಶವಾನಂದ ಸ್ವಾಮಿಗಳಿಗೆ ಮಠದ ಭೂಮಿಯೇನೂ ವಾಪಸ್ ಬರಲಿಲ್ಲ. ನಿಮ್ಮ ಅಪ್ಪನಿಗೆ ಭೂಮಿ ಕೊಟ್ಟ ಕಾಯ್ದೆಗಳಿಗೂ ಪೆಟ್ಟಾಗಲಿಲ್ಲ. ಕಾಸರಗೋಡಿನ ಹತ್ತಿರದ ಒಂದು ಮಠದ ಜಮೀನಿನಿಂದ ಹೊರಟ ಕೇಸಿನಲ್ಲಿ ಕಾರ್ಕಳದ ಒಬ್ಬರು ಜಡ್ಜ್ ಆಗಿ ಕೂತಿದ್ದರು ಅನ್ನುವುದು ನನಗೆ ಯಾವತ್ತೂ ಮೋಜಿನ ವಿಷಯ. ದೆಹಲಿಯಲ್ಲಿ 68 ದಿನ ವಾದ ನಡೆದ ಕೇಸಿಗೆ ಎರಡೂ ತುದಿಯಲ್ಲಿ ತುಳುನಾಡು.

ಇನ್ನು ನಿಮ್ಮ ಮೊದಲನೇ ಮಾತು. ಒಪ್ಪಿದೆ. ಸಂಸದನನ್ನು ಜಡ್ಜ್ ಮಾಡುವುದು ಅವತ್ತೂ ಸರಿ ಇರಲಿಲ್ಲ. ಆದರೆ ಕಾಂಗ್ರೆಸ್ಸಿನಿಂದ ಬಂದವರು ಕಾಂಗ್ರೆಸ್ ಸರ್ಕಾರಕ್ಕೆ ಉಪ್ಪಿನ ಋಣ ತೀರಿಸುತ್ತಾ ಕೂರಲಿಲ್ಲ, ಇದನ್ನು ಮಾತ್ರ ನೀವು ಕೊಡಬೇಕು. 1972ರಲ್ಲಿ ಇಂದಿರಾ ಗಾಂಧಿಯವರ ರಾಯಬರೇಲಿ ಚುನಾವಣೆ ತಕರಾರು ಇನ್ನೂ ಅಲಹಾಬಾದಿನಲ್ಲಿ ನಡೆಯುತ್ತಿದ್ದಾಗಲೇ ಒಂದು ಮಧ್ಯದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂತು. ಹೆಗ್ಡೆಯವರ ಪೀಠ, ಸೋತು ತಕರಾರು ಹಾಕಿದ್ದ ರಾಜ್ ನಾರಾಯಣ್ ಕಡೆಗೆ ಅನುಕೂಲವಾಗುವ ಆದೇಶ ಕೊಟ್ಟಿತು. ತಮಗೆ ಮುಖ್ಯ ನ್ಯಾಯಮೂರ್ತಿ ಹುದ್ದೆ ತಪ್ಪಿದ್ದಕ್ಕೆ ಇದೂ ಒಂದು ಕಾರಣ ಅಂತ ಹೆಗ್ಡೆಯವರೇ ನಂಬಿದ್ದರು. ತಪ್ಪದಿದ್ದರೆ ಶೆಲತ್ ನಿವೃತ್ತರಾದ ಮೇಲೆ, 1973ರ ಜುಲೈಯಿಂದ 1974ರ ಜೂನ್‌ವರೆಗೆ ಅವರ ಸರದಿ ಇತ್ತು. ಒಂದು ವರ್ಷವೂ ಇಲ್ಲ. ನಮ್ಮ ಕಡೆಯ ಇ.ಎಸ್. ವೆಂಕಟರಾಮಯ್ಯನವರು ಆ ಕುರ್ಚಿಯಲ್ಲಿ ಕೂತದ್ದು 1989ರಲ್ಲಿ. ಹೆಗ್ಡೆ ಆಗ ಇದ್ದರು, 80 ವರ್ಷ.

ನನಗೆ ಕಸಿವಿಸಿ ಆಗುವುದು ನೀವು ಹೇಳಿದ ಜಾಗದಲ್ಲಿ ಅಲ್ಲ, ಇನ್ನೊಂದು ಕಡೆ. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಹೋದರು. ಒಂದೂವರೆ ತಿಂಗಳೂ ಆಗಿರಲಿಲ್ಲ, ಡಿಸೆಂಬರ್ 19ಕ್ಕೆ ಸದನದ ಹಕ್ಕುಚ್ಯುತಿ ಅಂತ ಅವರ ಸದಸ್ಯತ್ವ ಕಿತ್ತುಹಾಕಿ, ಅಧಿವೇಶನ ಮುಗಿಯುವ ತನಕ ಜೈಲಿಗೂ ಕಳಿಸಿದರು. ಆ ಹೊತ್ತಿಗೆ ಸ್ಪೀಕರ್ ಹುದ್ದೆಯಲ್ಲಿದ್ದವರು ಹೆಗ್ಡೆ. ತೀರ್ಮಾನ ಸದನದ್ದು, ಮತ ಹಾಕಿದ್ದು ಸದಸ್ಯರು, ನಿಜ. ಹಾಗಂತ ನಕ್ಷಬಂದ್ ಪರವಾಗಿಯೂ ಅದನ್ನೇ ಅಲ್ವಾ ಹೇಳಿದ್ದು? ಕೊನೆಯ ಮಾತು ಅವರದ್ದಲ್ಲ, ಬೇರೆಯವರದ್ದು ಅಂತ? ಯಾರ ಸರ್ಕಾರ ತನ್ನನ್ನು ಹಿಂದೆ ಹಾಕಿತೋ ಅವರ ವಿಷಯ ಬಂದಾಗ ತಾನು ಕುರ್ಚಿಯಿಂದ ಎಷ್ಟು ದೂರ ಇರಬೇಕು? ಮನುಷ್ಯರು ಸಾಮಾನ್ಯವಾಗಿ ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡಿ ಅಂದವರು ಇವರೇ. ಸಂಸತ್ತಿಗೆ ಕೋರ್ಟಿನ ನಿಯಮ ಹಾಗೆಯೇ ಅನ್ವಯಿಸಲ್ಲ ಅಂತ ಗೊತ್ತು. ಆದರೂ ಅವರ ಅಳತೆಕೋಲನ್ನು ಅವರಿಗೇ ಹಿಡಿದರೆ ಏನು ಬರುತ್ತದೆ ಅಂತ ನಾನು ಬಾರ್ ರೂಮಿನಲ್ಲಿ ಎಷ್ಟೋ ಸಲ ಜಗಳ ಆಡಿದ್ದೇನೆ. ಮೇಜಿನ ಆ ಕಡೆಯವರು ಯಾವತ್ತೂ ಒಪ್ಪಿಲ್ಲ.

*

ಉತ್ತರ: ಕಾರ್ಕಳದ ಕರಿಕಲ್ಲು

ಹಳೇ ಗೌನು ಸರ್, ಕೊನೆಯದ್ದು ಸ್ವಲ್ಪ ಖಾರ ಆಯಿತು. ಆದರೆ ಸುಳ್ಳು ಅನ್ನಲು ಆಗುವುದಿಲ್ಲ. 77ರಲ್ಲಿ ಕರ್ನಾಟಕದ 28 ಸೀಟಿನಲ್ಲಿ ಜನತಾ ಗೆದ್ದದ್ದು ಎರಡೇ, ಅದರಲ್ಲಿ ಇವರದ್ದೊಂದು. ರಾಜಕೀಯಕ್ಕೆ ಇಳಿದದ್ದು ತಪ್ಪು ಅಂತ ಬೆಂಗಳೂರು ದಕ್ಷಿಣದವರಿಗೆ ಅನ್ನಿಸಿರಲಿಲ್ಲ ಅಂತ ಮಾತ್ರ ಸೇರಿಸುತ್ತೇನೆ.

*

ಉತ್ತರ: ಎರಡನೇ ಬೆಂಚು

ಎಲ್ಲರಿಗೂ ಥ್ಯಾಂಕ್ಸ್. ಹಳೇ ಗೌನು ಸರ್, ನಿಮ್ಮ ನಿಗಮದ ಕಥೆಯನ್ನೇ ಅಜ್ಜಿಗೆ ಹೇಳಿದೆ, ಕಾಶ್ಮೀರದ್ದು ಆಮೇಲೆ ಹೇಳೋಣ ಅಂತ. ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕೇಳಿಸಿಕೊಂಡರು. ಟೀ ಕುಡಿಯಲು ಹೊರಗೆ ಹೋದ ಜಾಗಕ್ಕೆ ಬಂದಾಗ ನಗಲು ಶುರು ಮಾಡಿದರು.

"ಹೊರಗೆ ಹೋದರೆ ಏನಾಯಿತು? ಚಪ್ಪಲಿ ಬಾಗಿಲಲ್ಲೇ ಇರುತ್ತದಲ್ಲ" ಅಂದರು.

ಅವರ ಸ್ವಸಹಾಯ ಸಂಘದಲ್ಲೂ ಯಾರಿಗೆ ಸಾಲ ಕೊಡಬೇಕು ಅಂತ ಮಾತಾಡುವಾಗ ಹೀಗೆಯೇ ಒಬ್ಬರು ಎದ್ದು ಹೋಗಿ ಬಾವಿಕಟ್ಟೆಯಲ್ಲಿ ನಿಲ್ಲುತ್ತಿದ್ದರಂತೆ. ಅವರು ಅಲ್ಲಿ ನಿಂತಿದ್ದಾರೆ ಅಂತ ಎಲ್ಲರಿಗೂ ಗೊತ್ತಿತ್ತಂತೆ. ಆ ಕಥೆ ಮುಕ್ಕಾಲು ಗಂಟೆ ನಡೆಯಿತು, ಕಾನೂನಿಗೆ ಸಂಬಂಧ ಇಲ್ಲದ ಮೂರು ಮದುವೆ ಅದರಲ್ಲಿ ಬಂದವು. ಸ್ಪೀಕರ್ ವಿಷಯ ಕೇಳಿದ ಮೇಲೆ ಏನು ಹೇಳುತ್ತಾರೋ ನೋಡಬೇಕು. ಈಗ ಕಣ್ಣಿಗೆ ಡ್ರಾಪ್ಸ್ ಹಾಕುವ ಹೊತ್ತಾಯಿತು, ರಾತ್ರಿ ಮತ್ತೆ ಬರುತ್ತೇನೆ. ನಾಳೆ ಲೈಬ್ರರಿಗೆ ಹೋದರೆ ಎ.ಐ.ಆರ್. 1970 ಎತ್ತಿ ನಮ್ಮ ಕಾಲೇಜಿನ ಪ್ರತಿ ಯಾವ ಪುಟಕ್ಕೆ ತೆರೆದುಕೊಳ್ಳುತ್ತದೆ ಅಂತ ನೋಡುತ್ತೇನೆ. ಅದನ್ನು ಯಾರೂ ಮುಟ್ಟಿದ ಹಾಗೆ ಕಾಣುವುದಿಲ್ಲ.